ಸೀಟಿ ಊದದಿದ್ದಾಗ

ವಾಕ್ಯಭಾಗ: 1 ಕೊರಿಂಥ 10:23-24, ಕೀರ್ತನೆ 15, ಲೂಕ 19:1-10

 

ಇವತ್ತು ಫುಟ್‌ಬಾಲಿಂದ ಶುರು ಮಾಡ್ತೀನಿ. "ಇದೇನು, ಪಾಸ್ಟರ್ ಪ್ರಸಂಗಕ್ಕೆ ಚೆಂಡು ತಗೊಂಡು ಬಂದ್ರು" ಅಂತ ಅಮ್ಮಂದಿರು ಅನ್ಕೋಬೇಡಿ. ಪೌಲನೂ ಆಟದ ಮಾತು ಆಡಿದವನೇ. ಕೊರಿಂಥ ಪಟ್ಟಣದ ಹತ್ತಿರ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡೆಗಳು ನಡೆಯುತ್ತಿದ್ದವು. ಅದಕ್ಕೇ ಅಲ್ಲಿನ ಸಭೆಗೆ ಬರೆಯುವಾಗ ಓಟ, ಗುದ್ದಾಟ, ಜಯಮಾಲೆ ಎಲ್ಲ ತಂದ. ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ನಿಯಮದಂತೆ ಆಡದವನಿಗೆ ಮಾಲೆ ಇಲ್ಲ ಅಂತಲೂ ಹೇಳಿದ. ಆದರೆ ಇವತ್ತಿನ ನನ್ನ ಪ್ರಶ್ನೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ನಿಯಮ ಮುರಿದಿಲ್ಲ, ರೆಫರಿ ಸೀಟಿ ಊದಿಲ್ಲ. ಅಷ್ಟಾದರೆ ದೇವರ ಮುಂದೆ ಎಲ್ಲ ಸರಿ ಅಂತ ಆಯ್ತಾ?

ಮೊದಲನೆಯದಾಗಿ, ಮಾಡಬಹುದಾದದ್ದೆಲ್ಲ ಸಮಾಧಾನ ತರುವುದಿಲ್ಲ.

ನಮ್ಮ ಯೌವನಸ್ಥರಿಗೆ ಈ ದಿನ ನೆನಪಿರುತ್ತೆ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಗೆದ್ದವರು ಸೆಮಿಫೈನಲ್‌ಗೆ, ಸೋತವರು ಮನೆಗೆ. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷಕ್ಕೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟಿ ನಿಲ್ಲುವ ತಯಾರಿಯಲ್ಲಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಸೇರಿಸಿಬಿಟ್ಟರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು. ಅವರು ವಾಪಸ್ ಬರಲೇ ಇಲ್ಲ. ಪಂದ್ಯ ಬೆಂಗಳೂರಿನ ಪಾಲಾಯಿತು.

ನಿಯಮ ಏನು ಹೇಳುತ್ತೆ? ಫ್ರೀ ಕಿಕ್ ಹೊಡೆಯುವಾಗ ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕು. ಆದರೆ ಹೊಡೆಯುವವನು ಅವರಿಗಾಗಿ ಕಾಯಲೇಬೇಕು ಅಂತ ಇಲ್ಲ. "ನಾನು ಸೀಟಿ ಊದೋವರೆಗೂ ಇರು" ಅಂತ ರೆಫರಿ ಸೂಚಿಸದಿದ್ದರೆ ಬೇಗ ಹೊಡೆಯಬಹುದು. ಸೀಟಿಯೂ ಬೇಡ, ಗೋಡೆಯೂ ಬೇಡ ಅಂತ ರೆಫರಿಗೆ ಮೊದಲೇ ಹೇಳಿದ್ದೆ ಎಂದು ಛೆಟ್ರಿ ಆಮೇಲೆ ವಿವರಿಸಿದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೇರಳದ ದೂರನ್ನು ತಳ್ಳಿಹಾಕಿತು. ಮೈದಾನ ಬಿಟ್ಟುಹೋದದ್ದಕ್ಕೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯಗಳ ನಿಷೇಧ. ಕ್ಲಬ್ಬೂ ಕೋಚೂ ಬಹಿರಂಗವಾಗಿ ಕ್ಷಮೆ ಕೇಳಿದರು.

ನಾನು ಇಲ್ಲಿ ಛೆಟ್ರಿಗೆ ತೀರ್ಪು ಹೇಳೋಕೆ ನಿಂತಿಲ್ಲ. ಅವರು ನಿಯಮದೊಳಗೇ ಆಡಿದರು. ಆದರೆ ಒಂದು ಮಾತು ಗಮನಿಸಿ. ನಿಯಮ ಪಂದ್ಯವನ್ನು ಮುಗಿಸಿತು, ಜಗಳವನ್ನು ಮುಗಿಸಲಿಲ್ಲ. ನಮ್ಮ ಯೌವನಸ್ಥರ ಕೂಟದಲ್ಲೇ ಇಬ್ಬರು ಸಹೋದರರು ಈ ಗೋಲಿನ ಬಗ್ಗೆ ಈಗಲೂ ಕಿತ್ತಾಡ್ತಾರೆ. ಪೌಲನು ಕೊರಿಂಥದವರಿಗೆ ಹೇಳಿದ್ದು ಇದನ್ನೇ. ನನಗೆ ಹಕ್ಕಿದೆಯಾ ಅಂತ ಕೇಳುವುದು ಸಾಲದು, ಇದರಿಂದ ಪಕ್ಕದವನಿಗೆ ಒಳಿತಾಗುತ್ತಾ, ಸಭೆ ಬೆಳೆಯುತ್ತಾ ಅಂತಲೂ ಕೇಳಬೇಕು. ಹೊಲದ ಬದು ಸರ್ವೆ ಪ್ರಕಾರ ನಿಮ್ಮದೇ ಇರಬಹುದು. ಆದರೆ ಅದರ ಮೇಲೆ ಅಣ್ಣನ ಮಕ್ಕಳು ದಿನಾ ಓಡಾಡೋ ದಾರಿ ಇದ್ದರೆ?

ಇನ್ನೊಂದು ಮಾತು, ಇದು ಸ್ವಲ್ಪ ಖಾರ. ಅನ್ಯಾಯ ಆಯ್ತು ಅನ್ನಿಸಿದಾಗ ಮೈದಾನ ಬಿಟ್ಟು ಹೋಗೋದು ನಮಗೂ ಅಭ್ಯಾಸವೇ. ಯಾರೋ ಏನೋ ಅಂದರು, ಹಾಡಲು ಅವಕಾಶ ಕೊಡಲಿಲ್ಲ, ಮುಂದಿನ ಭಾನುವಾರದಿಂದ ಬೇರೆ ಸಭೆ! ಅದೇ ಪತ್ರದ 6ನೇ ಅಧ್ಯಾಯ ಓದಿ. ಸಹೋದರನ ಮೇಲೆ ವ್ಯಾಜ್ಯಕ್ಕೆ ಹೋಗುವುದಕ್ಕಿಂತ ಅನ್ಯಾಯವನ್ನು ಸಹಿಸಿಕೊಳ್ಳಬಾರದೇ ಅಂತ ಪೌಲ ಕೇಳ್ತಾನೆ. ಮೈದಾನದಲ್ಲೇ ಉಳಿದು ದೂರು ಹೇಳಬಹುದಿತ್ತು. ಆಟಕ್ಕೆ ಇನ್ನೂ ಸಮಯ ಇತ್ತು.

ಎರಡನೆಯದಾಗಿ, ನಷ್ಟವಾದರೂ ನಿಜ ಹೇಳಬೇಕು.

ಜರ್ಮನಿಯ ಮಿರೋಸ್ಲಾವ್ ಕ್ಲೋಸೆ ಅಂತ ಒಬ್ಬ ಆಟಗಾರರು. ವಿಶ್ವಕಪ್‌ಗಳಲ್ಲಿ ಒಟ್ಟು 16 ಗೋಲು ಹೊಡೆದವರು. 2012ರ ಸೆಪ್ಟೆಂಬರಿನಲ್ಲಿ ಇಟಲಿಯ ಲಾಜಿಯೊ ತಂಡದ ಪರವಾಗಿ ನಾಪೊಲಿ ವಿರುದ್ಧ ಆಡುತ್ತಿದ್ದರು. ಪಂದ್ಯ ಶುರುವಾಗಿ ಕೆಲವೇ ನಿಮಿಷ. ಚೆಂಡು ಅವರ ಕೈಗೆ ತಗುಲಿ ಒಳಗೆ ಹೋಯಿತು. ರೆಫರಿ ನೋಡಲಿಲ್ಲ, ಗೋಲು ಕೊಟ್ಟುಬಿಟ್ಟರು. ಕ್ಲೋಸೆ ತಾವೇ ರೆಫರಿಗೆ ಹೇಳಿದರು: ಕೈಗೆ ತಗುಲಿತ್ತು. ಗೋಲು ರದ್ದಾಯಿತು. ಎದುರಾಳಿಗಳು ಬಂದು ಕೈ ಕುಲುಕಿದರು. ಆಮೇಲೆ? ಅವರ ತಂಡ 3-0 ಅಂತರದಲ್ಲಿ ಸೋತಿತು.

ಇದು ನಮಗೆ ಇಷ್ಟವಾಗಲ್ಲ, ಅಲ್ವಾ? ನಿಜ ಹೇಳಿದವನು ಗೆದ್ದ ಅಂತ ಇದ್ದರೆ ಸಾಕ್ಷಿ ಹೇಳೋಕೆ ಚೆನ್ನಾಗಿರುತ್ತಿತ್ತು. ಆದರೆ ದಾವೀದನ 15ನೇ ಕೀರ್ತನೆ ಏನು ಹೇಳುತ್ತೆ? ದೇವರ ಪರ್ವತದಲ್ಲಿ ಯಾರು ಇರಬಲ್ಲರು ಅಂತ ಕೇಳಿ, ಮಾತು ಕೊಟ್ಟ ಮೇಲೆ ಕೈಯಿಂದ ಹೋದರೂ ಹಿಂದೆಗೆಯದ ಮನುಷ್ಯನನ್ನು ತೋರಿಸುತ್ತೆ. ಅಲ್ಲಿ ನಷ್ಟವನ್ನು ಮುಚ್ಚಿಟ್ಟಿಲ್ಲ. ಮತ್ತೆ ಇನ್ನೊಂದು ವಿಷಯ, ಕ್ಲೋಸೆ 2005ರಲ್ಲೂ ಜರ್ಮನಿಯಲ್ಲಿ ಆಡುವಾಗ ತಮಗೆ ತಪ್ಪಾಗಿ ಸಿಕ್ಕ ಪೆನಾಲ್ಟಿಯನ್ನು ಬೇಡ ಅಂದಿದ್ದರು. ಆವತ್ತು ಅಭ್ಯಾಸ ಮಾಡಿಕೊಂಡ ಬಾಯಿ ಏಳು ವರ್ಷದ ನಂತರವೂ ತೊದಲಲಿಲ್ಲ.

ಈ ಕಥೆ ಹೇಳಿದಾಗ ಸಭೆಯ ಹಿರಿಯರೊಬ್ಬರು ಕೇಳಿದರು: "ಹೊರಗಿನವರೇ ಯಾಕೆ ಪಾಸ್ಟರ್, ನಮ್ಮವರು ಯಾರೂ ಇಲ್ವಾ?" ಇದ್ದಾರೆ ಅಯ್ಯಾ. ಆಟ ಬೇರೆ, ಆದರೆ ಮನುಷ್ಯ ನಮ್ಮ ಭದ್ರಾವತಿಯವರು, ಜಿ.ಆರ್. ವಿಶ್ವನಾಥ್. 1980ರ ಫೆಬ್ರವರಿ, ಬೊಂಬಾಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್, ನಮ್ಮ ತಂಡಕ್ಕೆ ಅವರೇ ನಾಯಕ. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳಕೊಂಡು ಕಷ್ಟದಲ್ಲಿತ್ತು. ಬಾಬ್ ಟೇಲರ್ ಔಟ್ ಅಂತ ಅಂಪೈರ್ ಬೆರಳೆತ್ತಿದರು. ಬ್ಯಾಟಿಗೆ ತಾಗಿಲ್ಲ ಅಂತ ವಿಶ್ವನಾಥ್‌ಗೆ ಅನ್ನಿಸಿತು, ವಾಪಸ್ ಕರೆದರು. ಆ ಟೇಲರ್, ಬೋಥಮ್ ಜೊತೆ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ನಾಲ್ಕು ದಶಕ ದಾಟಿತು. ಆ ಸೋಲಿಗಾಗಿ ಯಾರೂ ಅವರನ್ನು ಬೈಯುವುದಿಲ್ಲ, ಆ ಕರೆದದ್ದಕ್ಕಾಗಿ ಇಂದಿಗೂ ನೆನೆಯುತ್ತಾರೆ.

ಮೂರನೆಯದಾಗಿ, ತಗೊಂಡದ್ದನ್ನು ವಾಪಸ್ ಕೊಡಬೇಕು.

2019ರ ಏಪ್ರಿಲ್ 28, ಇಂಗ್ಲೆಂಡಿನ ಲೀಡ್ಸ್ ಪಟ್ಟಣ. ಲೀಡ್ಸ್ ಯುನೈಟೆಡ್ ಮತ್ತು ಆ್ಯಸ್ಟನ್ ವಿಲ್ಲಾ ಪಂದ್ಯ. ವಿಲ್ಲಾದ ಒಬ್ಬ ಆಟಗಾರ ಪೆಟ್ಟಾಗಿ ಬಿದ್ದಿದ್ದ. ಚೆಂಡನ್ನು ಹೊರಗೆ ಹಾಕುತ್ತಾರೆ ಅಂತ ವಿಲ್ಲಾದವರು ನಿಂತುಬಿಟ್ಟರು. ಲೀಡ್ಸ್‌ನವರು ನಿಲ್ಲಿಸಲಿಲ್ಲ, ಗೋಲು ಹೊಡೆದರು. ದೊಡ್ಡ ನೂಕಾಟ ಆಯ್ತು. ಕಂಠೀರವದ ಹಾಗೇ ನೋಡಿ, ಒಬ್ಬರು ಆಟ ನಿಲ್ಲುತ್ತೆ ಅಂದುಕೊಂಡರು, ಇನ್ನೊಬ್ಬರು ಗೋಲು ಹೊಡೆದರು, ಗೋಲು ನಿಯಮದ ಪ್ರಕಾರ ಸರಿ. ಆದರೆ ಇಲ್ಲಿ ಲೀಡ್ಸ್ ಕೋಚ್ ಮಾರ್ಸೆಲೊ ಬಿಯೆಲ್ಸಾ ತಮ್ಮ ಹುಡುಗರಿಗೆ ಕೂಗಿ ಹೇಳಿದರು: ಅವರಿಗೊಂದು ಗೋಲು ಬಿಟ್ಟುಕೊಡಿ. ವಿಲ್ಲಾದ ಆಲ್ಬರ್ಟ್ ಅಡೋಮಾ ಚೆಂಡು ತಳ್ಳಿಕೊಂಡು ಹೋಗಿ ಗೋಲು ಹಾಕಿದರು. 1-1. ನೇರವಾಗಿ ಪ್ರೀಮಿಯರ್ ಲೀಗಿಗೆ ಏರುವ ಲೀಡ್ಸ್‌ನವರ ಕೊನೆಯ ಆಸೆ ಆ ಡ್ರಾದೊಂದಿಗೆ ಮುಗಿಯಿತು. ಅದೇ ವರ್ಷ ಫಿಫಾದ ಫೇರ್ ಪ್ಲೇ ಪ್ರಶಸ್ತಿ ಅವರಿಗೆ ಬಂತು.

ಇದರಲ್ಲಿ ನನಗೆ ತಾಗಿದ್ದು ಒಂದು ಸಣ್ಣ ಸಂಗತಿ. ಅಡೋಮಾ ಹೋಗುವಾಗ ಲೀಡ್ಸ್‌ನ ಒಬ್ಬ ಡಿಫೆಂಡರ್, ಪಾಂಟಸ್ ಯಾನ್ಸನ್, ಕೋಚ್ ಮಾತು ಮೀರಿ ಅವರನ್ನು ತಡೆಯಲು ಹೋದರು. ಹತ್ತು ಜನ ಬಿಟ್ಟರೂ ಒಬ್ಬರ ಕಾಲು ಬಿಡಲಿಲ್ಲ. ನೀವು ತಗೊಂಡದ್ದನ್ನು ವಾಪಸ್ ಕೊಡಲು ಹೊರಟಾಗಲೂ ಹೀಗೇ, ತಡೆಯೋದು ಎದುರಾಳಿ ಅಲ್ಲ, ನಿಮ್ಮ ಸ್ವಂತ ತಂಡದವರೇ. "ಆಗಿದ್ದು ಆಯ್ತು, ಈಗ್ಯಾಕೆ?" ಅಂತ ಮನೆಯವರೇ ಹೇಳ್ತಾರೆ. ಜಕ್ಕಾಯನಿಗೂ ಯಾರಾದರೂ ಹಾಗಂದಿರಬಹುದು. ಸುಂಕ ವಸೂಲಿ ಅವನಿಗೆ ಸರ್ಕಾರವೇ ಕೊಟ್ಟ ಹಕ್ಕು, ಯಾವ ರೆಫರಿಯೂ ಸೀಟಿ ಊದಿರಲಿಲ್ಲ. ಆದರೆ ಯೇಸು ಮನೆಗೆ ಬಂದ ದಿನ ಅವನು ಎದ್ದುನಿಂತು, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಯೇಸು ಹಣ ಕೇಳಿರಲಿಲ್ಲ. ಬರೀ ಅತಿಥಿಯಾಗಿ ಬಂದಿದ್ದನು.

ಈಗ ನನ್ನ ವಿಷಯ. ಇದನ್ನು ಹೇಳದೆ ನಾನು ಕೆಳಗಿಳಿಯುವ ಹಾಗಿಲ್ಲ.

ಬೇಸಿಗೆಯ ಯೌವನಸ್ಥರ ಶಿಬಿರದಲ್ಲಿ ಸಂಜೆ ವಾಲಿಬಾಲ್ ಇಟ್ಟಿದ್ವಿ. ಬಹುಮಾನ ಒಂದು ಪ್ಲಾಸ್ಟಿಕ್ ಬಕೆಟ್. ಕೊನೆಯ ಸೆಟ್, 14-13, ನಾವು ಮುಂದೆ. ಎದುರಿನಿಂದ ಒಬ್ಬ ಹುಡುಗ ಜೋರಾಗಿ ಹೊಡೆದ, ಚೆಂಡು ಗೆರೆಯಾಚೆ ಬಿತ್ತು. ಆದರೆ ಹೋಗುವ ಮುಂಚೆ ನನ್ನ ಬೆರಳ ತುದಿಗೆ ತಾಗಿತ್ತು. ಅಂದರೆ ಪಾಯಿಂಟ್ ಅವರದು. "ಟಚ್ ಆಯ್ತಣ್ಣ" ಅಂತ ಆ ಹುಡುಗ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಲಿಲ್ಲ, ಸೀಟಿ ಹಿಡಿದವರ ಕಡೆ ನೋಡಿದೆ. ಅವರು ನಮಗೇ ಕೊಟ್ಟರು. ನಾನು ಸುಳ್ಳು ಹೇಳಲಿಲ್ಲ, ದೇವಜನರೇ. ಸುಮ್ಮನಿದ್ದೆ ಅಷ್ಟೇ. ಮಾರನೇ ದಿನ ಬೆಳಿಗ್ಗೆ ಅದೇ ಶಿಬಿರದಲ್ಲಿ 15ನೇ ಕೀರ್ತನೆಯಿಂದಲೇ ಪ್ರಸಂಗ ಮಾಡಿದೆ.

ಆ ಹುಡುಗ ಸಭೆಗೆ ಬರೋಕೆ ಶುರುಮಾಡಿ ಮೂರೇ ತಿಂಗಳಾಗಿತ್ತು. ಆಮೇಲೆ ಬರಲಿಲ್ಲ. ಪರೀಕ್ಷೆ ಇರಬೇಕು, ಮನೆಯಲ್ಲಿ ಬಿಡ್ತಿಲ್ಲ ಅನ್ನಿಸುತ್ತೆ ಅಂತ ನಾನೇ ಕಾರಣ ಹುಡುಕಿದೆ. ಪ್ರಾರ್ಥನೆಗೆ ಕೂತಾಗೆಲ್ಲ ಬೆರಳ ತುದಿಯೇ ನೆನಪಿಗೆ ಬರ್ತಿತ್ತು. ಪವಿತ್ರಾತ್ಮನು ದೊಡ್ಡ ಶಬ್ದದಲ್ಲೇ ಮಾತಾಡಬೇಕು ಅಂತಿಲ್ಲ. ಕೊನೆಗೆ ಬಕೆಟ್ ತಗೊಂಡು ಅವನ ಮನೆಗೆ ಹೊರಟೆ. ನಮ್ಮ ತಂಡದ ಒಬ್ಬರು ಹೇಳಿದ್ದೂ ಅದೇ ಮಾತು: "ಒಂದು ಬಕೆಟ್‌ಗೆ ಇಷ್ಟೆಲ್ಲಾ ಯಾಕೆ ಪಾಸ್ಟರ್?"

ಅವನು ಹೊರಗೆ ಬಂದ. ಟಚ್ ಆಗಿತ್ತು, ನನಗೆ ಗೊತ್ತಿತ್ತು, ಕ್ಷಮಿಸು ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹೇಳಿದ: "ಆವತ್ತು ರಾತ್ರಿ ಊಟದಲ್ಲಿ ಹೇಳ್ತೀರಾ ಅಂತ ಕಾದೆ. ಬೆಳಿಗ್ಗೆ ಪ್ರಸಂಗದಲ್ಲಾದರೂ ಹೇಳ್ತೀರಾ ಅಂತ ಕಾದೆ."

ಅವನ ಒಪ್ಪಿಗೆ ಕೇಳಿಯೇ ಇದನ್ನು ಹೇಳ್ತಿದ್ದೀನಿ. ಅವನು ಇನ್ನೂ ಸಭೆಗೆ ಬಂದಿಲ್ಲ. ಬರ್ತಾನೆ ಅಂತ ಪ್ರಾರ್ಥಿಸ್ತಿದ್ದೀನಿ, ಆದರೆ ಅದಕ್ಕೋಸ್ಕರ ನಾನು ನಿಜ ಹೇಳಿದ್ದಲ್ಲ. ಬರದಿದ್ದರೂ ಹೇಳಲೇಬೇಕಿತ್ತು. ಒಂದು ಪಾಯಿಂಟಿಗೋಸ್ಕರ ಒಂದು ಆತ್ಮದ ಮುಂದೆ ಯೇಸುವಿನ ಹೆಸರನ್ನು ಸಣ್ಣದು ಮಾಡಿದೆ. ಆ ಲೆಕ್ಕ ಸ್ಕೋರ್ ಬೋರ್ಡಲ್ಲಿ ಇರಲ್ಲ.

ಡೇರಿಯಲ್ಲಿ ಹಾಲಿನ ಲೆಕ್ಕ ನಿಮ್ಮ ಕಡೆ ಜಾಸ್ತಿ ಬರೆದಿದ್ದರೆ, ಕಡಲೆಕಾಯಿ ತೂಕ ನಿಮ್ಮ ಪರವಾಗಿ ತಪ್ಪಿದ್ದರೆ, ಬಸ್ಸಲ್ಲಿ ಚಿಲ್ಲರೆ ಹೆಚ್ಚು ಬಂದಿದ್ದರೆ, ಯಾರೂ ಸೀಟಿ ಊದಲ್ಲ. ಆಗ ನಾವೇ ಕೈ ಎತ್ತಬೇಕು. ಆಮೆನ್ ಅನ್ನೋದು ಸುಲಭ, ಕೈ ಎತ್ತೋದು ಕಷ್ಟ.

ಮನೆಕೂಟದಲ್ಲಿ ಮಾತಾಡಲು:
1. ನಿಯಮ ನಿಮ್ಮ ಕಡೆ ಇದ್ದು ಮನಸ್ಸಾಕ್ಷಿ ನಿಮ್ಮ ಕಡೆ ಇಲ್ಲದ ಸಂದರ್ಭ ಯಾವುದಾದರೂ ಇದೆಯಾ?
2. ಅನ್ಯಾಯವಾದಾಗ ಬಿಟ್ಟುಹೋದ ಸಂಬಂಧ, ಸಭೆ, ಮನೆ ಯಾವುದು? ವಾಪಸ್ ಹೋಗಿ ಮಾತಾಡಲು ಈಗಲೂ ಸಮಯ ಇದೆಯಾ?
3. ಈ ವಾರ ಯಾರ ಮನೆಗೆ "ಬಕೆಟ್" ತಗೊಂಡು ಹೋಗಬೇಕು?

ಪ್ರಾರ್ಥಿಸೋಣ. ಕರ್ತನೇ, ಯಾರೂ ನೋಡದ ಜಾಗದಲ್ಲಿ ನೀನು ನೋಡುತ್ತೀ. ಅದು ನಮಗೆ ಭಯವಾಗದೆ ಸಹಾಯವಾಗಲಿ. ಸುಮ್ಮನಿದ್ದು ಗೆದ್ದದ್ದನ್ನು ವಾಪಸ್ ಕೊಡುವ ಧೈರ್ಯ ಕೊಡು. ನಮ್ಮಿಂದ ಎಡವಿದ ಚಿಕ್ಕವರನ್ನು ನೀನೇ ಕೈಹಿಡಿದು ಎತ್ತು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.