ನಮ್ಮ ಹೋಬಳಿಯಲ್ಲಿ ನಿಂತು ಕರ್ನಾಟಕವನ್ನು ಓದೋಣ



ಕರ್ನಾಟಕದ ವಿಸ್ತೀರ್ಣ ಎಷ್ಟು ಎಂದು ಇತಿಹಾಸದ ತರಗತಿಯಲ್ಲಿ ಕೇಳಿದರೆ 1,91,791 ಚದರ ಕಿಲೋಮೀಟರ್ ಎಂದು ನಿಮ್ಮಲ್ಲಿ ಹಲವರು ತಕ್ಷಣ ಹೇಳುತ್ತೀರಿ. ಜಿಲ್ಲೆಗಳು 31, ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ರಾಜ್ಯೋತ್ಸವ ನವೆಂಬರ್ 1. ಉತ್ತರಗಳೆಲ್ಲ ಸರಿ, ಒಂದೊಂದಕ್ಕೆ ಒಂದೊಂದು ಅಂಕ ಸಿಗುತ್ತದೆ. ಆದರೆ ಅಂಕ ಬಂದ ಮಾತ್ರಕ್ಕೆ ರಾಜ್ಯದ ಪರಿಚಯವಾದಂತಲ್ಲ. ಒಬ್ಬ ಮನುಷ್ಯನ ಎತ್ತರ, ತೂಕ, ಹುಟ್ಟಿದ ದಿನಾಂಕ ಗೊತ್ತಿದ್ದರೆ ಅವನು ನಮಗೆ ಪರಿಚಿತನಾಗುತ್ತಾನೆಯೇ?

ಈ ವಿಷಯ ಬರೆಯಲು ಇನ್ನೊಂದು ಕಾರಣವೂ ಇದೆ. ನಿಮ್ಮಲ್ಲಿ ಅನೇಕರು ಮನೆಯಲ್ಲಿ ಉರ್ದು, ಅಂಗಡಿ ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಬಳಸುವವರು. ಬಸ್ಸಿನಲ್ಲೋ ಪ್ರವಾಸದಲ್ಲೋ ಯಾರಾದರೂ "ನೀವು ಮೂಲತಃ ಎಲ್ಲಿಯವರು?" ಎಂದು ಕೇಳುತ್ತಾರೆ. ಹೊಳೆನರಸೀಪುರ ಎಂದರೆ, "ಅದಲ್ಲ, ಅದಕ್ಕೂ ಮೊದಲು?" ಎನ್ನುತ್ತಾರೆ. ಕೆಲವರು ಕುತೂಹಲದಿಂದ ಕೇಳುತ್ತಾರೆ, ಕೆಲವರು ಬೇರೆ ಭಾವದಿಂದ. ಎರಡಕ್ಕೂ ಕೋಪ ಉತ್ತರವಲ್ಲ, ತಿಳಿವಳಿಕೆಯೇ ಉತ್ತರ. ಈ ನಾಡಿನ ನೀರು, ಕಲ್ಲು, ಮಾತು ಹೇಗೆ ಬೆರೆತು ಬಂದಿವೆ ಎಂದು ಬಲ್ಲವರಿಗೆ ಆ ಪ್ರಶ್ನೆ ಚುಚ್ಚುವುದಿಲ್ಲ.

ಇದಕ್ಕಾಗಿ ದೂರ ಹೋಗಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಲ್ಲಿ ನಿಂತು, ಸುತ್ತಲಿನ ಹಾಸನ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳತ್ತ ಕಣ್ಣು ಹಾಯಿಸಿದರೆ ಸಾಕು. ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಳ್ಳೋಣ.

1. ನಮ್ಮ ನೀರು ಎಲ್ಲಿಗೆ ಹೋಗುತ್ತದೆ?

ನೆಲವನ್ನು ಅರಿಯಲು ಮೊದಲು ನೀರಿನ ದಾರಿ ಹಿಡಿಯಬೇಕು. ಹೇಮಾವತಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟಿ, ಸಕಲೇಶಪುರದ ಮೂಲಕ ಇಳಿದು, ಗೊರೂರಿನ ಹತ್ತಿರ ಯಗಚಿಯನ್ನು ಕೂಡಿಕೊಂಡು, ಹೊಳೆನರಸೀಪುರವನ್ನು ದಾಟಿ ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಅತ್ತ ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರಗಳಲ್ಲಿ ಕಾವೇರಿಯೇ ಹರಿಯುತ್ತಾಳೆ. ಈ ನೀರು ಕೊನೆಗೆ ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಗೆ ಸೇರುತ್ತದೆ.

ಅದೇ ಜಿಲ್ಲೆಯ ಸಕಲೇಶಪುರದ ಪಶ್ಚಿಮ ಅಂಚಿನಲ್ಲಿ ಬಿದ್ದ ಮಳೆ ಕೆಂಪುಹೊಳೆಯಾಗಿ ಶಿರಾಡಿ ಘಾಟಿಯಲ್ಲಿ ಇಳಿದು, ಕುಮಾರಧಾರೆಯನ್ನೂ ಆ ಮೂಲಕ ನೇತ್ರಾವತಿಯನ್ನೂ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಕಾಣುತ್ತದೆ. ಅರಸೀಕೆರೆ ಕಡೆಯ ಹಳ್ಳಗಳ ನೀರು ವೇದಾವತಿ, ತುಂಗಭದ್ರೆಗಳ ಮೂಲಕ ಕೃಷ್ಣೆಯತ್ತ ಹೋಗುತ್ತದೆ. ಅಂದರೆ ಒಂದೇ ಜಿಲ್ಲೆಯ ಮಳೆ ಮೂರು ನದಿಗಳ ಪಾಲಾಗಿ ಎರಡು ಸಮುದ್ರಗಳನ್ನು ಸೇರುತ್ತದೆ.

ಮಳೆಯ ಅಂತರವೂ ದೊಡ್ಡದು. ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಚನ್ನರಾಯಪಟ್ಟಣದಲ್ಲಿ ಸುಮಾರು 700 ಮಿಲಿಮೀಟರ್. ಅದಕ್ಕೇ ಅಲ್ಲಿ ಕಾಫಿ, ಏಲಕ್ಕಿ. ಇಲ್ಲಿ ರಾಗಿ, ತೆಂಗು. ಹಾಸನದ ಸುತ್ತ ಆಲೂಗಡ್ಡೆ, ಅರಕಲಗೂಡಿನಲ್ಲಿ ಹೊಗೆಸೊಪ್ಪು, ಹೊಳೆಯ ಕಾಲುವೆಗಳ ಕೆಳಗೆ ಭತ್ತ. ಮಲೆನಾಡು, ಬಯಲುಸೀಮೆ ಎಂದು ನಾವು ಕರೆಯುವ ಎರಡು ಲೋಕಗಳು ಬಸ್ಸಿನಲ್ಲಿ ಒಂದೆರಡು ಗಂಟೆಯ ಅಂತರದಲ್ಲಿವೆ. ಇದೇ ಹೆದ್ದಾರಿಯಲ್ಲಿ ಮುಂದೆ ಹೋಗಿ ಘಾಟಿ ಇಳಿದರೆ ಕರಾವಳಿ. ರಾಜ್ಯದ ಅರ್ಧಕ್ಕಿಂತ ಹೆಚ್ಚು ಭಾಗವಾಗಿರುವ ಕೃಷ್ಣಾ ಕೊಳ್ಳದ ಕಪ್ಪು ಮಣ್ಣು, ಜೋಳ, ಹತ್ತಿಯ ನಾಡು ಮಾತ್ರ ನಮ್ಮಿಂದ ದೂರ ಉಳಿಯುತ್ತದೆ. ಉತ್ತರ ಕರ್ನಾಟಕವನ್ನು ನಾವು ಪ್ರಯತ್ನಪಟ್ಟು ಅರಿಯಬೇಕು.

ಮಳೆ ಕಡಿಮೆಯಿದ್ದ ಕಡೆ ನಮ್ಮ ಹಿರಿಯರು ಕೆರೆ ಕಟ್ಟಿದರು. ಅನೇಕ ಕೆರೆ, ಊರುಗಳ ಹೆಸರಿನ ಕೊನೆಗೆ 'ಸಮುದ್ರ' ಎಂದು ಇರುವುದನ್ನು ಗಮನಿಸಿ. ಹೊಯ್ಸಳರ ರಾಜಧಾನಿ ದೋರಸಮುದ್ರದ ಹೆಸರಿನಲ್ಲೂ ಕೆರೆಯಿದೆ. ಬೆಳಗೊಳ ಎಂದರೆ ಬಿಳಿಯ ಕೊಳ. ಕೆರೆಯನ್ನು ಕಟ್ಟಿದವರಿಗೆ, ಕಾಪಾಡುವವರಿಗೆ ಬಿಟ್ಟುಕೊಟ್ಟ ಭೂಮಿಗೆ ಶಾಸನಗಳಲ್ಲಿ ಬಿತ್ತುವಟ್ಟ, ಕೊಡಗಿ ಎಂಬ ಹೆಸರುಗಳಿವೆ. ಹೂಳು ತೆಗೆಯುವುದೂ ಆಗ ಆಡಳಿತದ ವ್ಯವಸ್ಥೆಯ ಭಾಗವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

2. ನಮ್ಮ ಕಲ್ಲುಗಳು ಏನು ಹೇಳುತ್ತವೆ?

ಇತಿಹಾಸ ಪುಸ್ತಕದಲ್ಲಿ ಹುಟ್ಟುವುದಿಲ್ಲ, ಆಕರಗಳಲ್ಲಿ ಹುಟ್ಟುತ್ತದೆ. ನಮ್ಮ ಜಿಲ್ಲೆಯಲ್ಲಿ ಆಕರಗಳಿಗೆ ಬರವಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರ ಶಾಸನವನ್ನು ಕನ್ನಡದ ಮೊದಲ ಶಾಸನವೆಂದು ಬಹುಕಾಲ ಓದುತ್ತ ಬಂದಿದ್ದೇವೆ. ಈಚೆಗೆ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ದೊರೆತ, ಅದಕ್ಕಿಂತ ಹಳೆಯದೆಂದು ವಿದ್ವಾಂಸರು ಗುರುತಿಸುವ ಶಾಸನದ ಮಾತೂ ಬಂದಿದೆ. ಹೊಸ ಆಕರ ಸಿಕ್ಕಾಗ ಹಳೆಯ ಉತ್ತರ ಬದಲಾಗುತ್ತದೆ. ಪರೀಕ್ಷೆಗೆ ಇದು ಕಿರಿಕಿರಿ, ಇತಿಹಾಸಕ್ಕೆ ಇದು ಜೀವ.

ನಮ್ಮ ತಾಲ್ಲೂಕಿನಲ್ಲೇ ಇರುವ ಶ್ರವಣಬೆಳಗೊಳದಲ್ಲಿ 500ಕ್ಕೂ ಹೆಚ್ಚು ಶಾಸನಗಳಿವೆ. ಬಿ.ಎಲ್. ರೈಸ್ ಅವರು ಇಲ್ಲಿನ ಶಾಸನಗಳನ್ನು 1889ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ ಅವರು 1923ರಲ್ಲಿ ಅದನ್ನು ಪರಿಷ್ಕರಿಸಿದರು. ಗಂಗರ ಮಂತ್ರಿ ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ನಿಲ್ಲಿಸಿದ 58 ಅಡಿಯ ಗೊಮ್ಮಟನನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ನೀವು ಒಮ್ಮೆ ತಲೆ ತಗ್ಗಿಸಿಯೂ ನೋಡಿ. ಅವನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಮೂರೂ ಭಾಷೆಗಳ ಬರಹಗಳಿವೆ. ಸಾವಿರ ವರ್ಷಗಳ ಹಿಂದೆ ಇಲ್ಲಿಗೆ ಬರುವ ಬೇರೆ ಬೇರೆ ನುಡಿಯವರು ಓದಲಿ ಎಂದು ಬರೆಸಿದ ಕಲ್ಲು ಅದು.

ಅಲ್ಲಿಯ ಇನ್ನೊಂದು ಶಾಸನ 1368ನೆಯ ಇಸವಿಯದು. ಜೈನರಿಗೂ ವೈಷ್ಣವರಿಗೂ ವಿವಾದವಾಗಿ, ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿತ್ತರು. ಬುಕ್ಕ ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ, ಅವರ ರಕ್ಷಣೆಯ ಹೊಣೆಯನ್ನು ವಹಿಸಿದ ಎಂದು ಶಾಸನ ತಿಳಿಸುತ್ತದೆ. ಗಮನಿಸಿ: ಜಗಳ ಇರಲೇ ಇಲ್ಲ ಎಂದು ಶಾಸನ ಹೇಳುವುದಿಲ್ಲ. ಜಗಳ ಇತ್ತು, ಅದನ್ನು ಬಗೆಹರಿಸಲಾಯಿತು, ಮತ್ತೆ ಮರೆಯದಂತೆ ಕಲ್ಲಿನಲ್ಲಿ ಬರೆಯಲಾಯಿತು. ನಮ್ಮ ನಾಡಿನ ಸಹಬಾಳ್ವೆ ತಾನಾಗಿ ಬಂದದ್ದಲ್ಲ, ಪ್ರಯತ್ನದಿಂದ ಕಟ್ಟಿದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹೊಯ್ಸಳರ ಬೇಲೂರು, ಹಳೇಬೀಡು ನಿಮಗೆ ಗೊತ್ತು. ಸೋಮನಾಥಪುರದ ಜೊತೆ ಅವು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆದರೆ ನಮ್ಮ ತಾಲ್ಲೂಕಿನ ನುಗ್ಗೇಹಳ್ಳಿಯ 1246ರ ಲಕ್ಷ್ಮೀನರಸಿಂಹ ದೇವಾಲಯವನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಅಲ್ಲಿ ಶಿಲ್ಪಿಗಳಾದ ಬೈಚೋಜ ಮತ್ತು ಮಲ್ಲಿತಮ್ಮ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಕೆಲಸ ಮಾಡಿದವನ ಹೆಸರು ಉಳಿಯುವುದು ಇತಿಹಾಸದಲ್ಲಿ ಅಪರೂಪ.

ಸಕಲೇಶಪುರದ ಬಳಿ ಇನ್ನೊಂದು ಬಗೆಯ ಕಲ್ಲಿನ ಕೆಲಸವಿದೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಫಿರಂಗಿಯ ಕಾಲಕ್ಕೆ ತಕ್ಕಂತೆ ಯುರೋಪಿನಲ್ಲಿ ಬೆಳೆದ ಕೋಟೆಯ ವಿನ್ಯಾಸ ಮಲೆನಾಡಿನ ಗುಡ್ಡದ ಮೇಲೆ ಹೀಗೆ ನೆಲೆಯೂರಿತು.

3. ನಮ್ಮ ಮಾತು ಎಲ್ಲಿಂದ ಬಂತು?

ಈಗ ನಾಡಕಚೇರಿಗೆ ಹೋಗೋಣ. ಅಲ್ಲಿ ದಿನವೂ ಕೇಳಿಸುವಂಥ ಒಂದು ವಾಕ್ಯ ಇದು: "ರೈತ ಜಮೀನಿನ ದಾಖಲೆಗೆ ಅರ್ಜಿ ಹಾಕಿ, ಬಾಕಿ ಕಂದಾಯ ಕಟ್ಟಿ, ತನ್ನ ಹಕ್ಕು ಪಡೆದ." ಇದು ಅಪ್ಪಟ ಕನ್ನಡ ವಾಕ್ಯ. ಆದರೆ ರೈತ, ದಾಖಲೆ, ಅರ್ಜಿ, ಬಾಕಿ, ಹಕ್ಕು ಅರಬ್ಬಿ ಮೂಲದ ಪದಗಳು, ಜಮೀನು ಫಾರ್ಸಿಯದು. ಜಿಲ್ಲೆ, ತಾಲ್ಲೂಕು, ಕಾನೂನು ಇವೂ ಅರಬ್ಬಿಯಿಂದ ಫಾರ್ಸಿಯ ದಾರಿಯಲ್ಲಿ ಬಂದವು. ಹೊಲ, ಗದ್ದೆ, ಕೆರೆ, ತೋಟ, ಕಣ ನಮ್ಮ ನೆಲದವೇ. ಭೂಮಿ, ಗ್ರಾಮ ಸಂಸ್ಕೃತದವು. ಬಸ್ಸು, ಕಾಲೇಜು ಇಂಗ್ಲಿಷಿನವು.

ಈ ಪದಗಳು ಬಂದ ದಾರಿಯೇ ರಾಜ್ಯದ ಇತಿಹಾಸ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಹುಟ್ಟಿತು. ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ 1472ರ ಹೊತ್ತಿಗೆ ಎದ್ದಿತು. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ ದಖನಿಯಲ್ಲಿ ಹಾಡುಗಳನ್ನು ರಚಿಸಿ, ಅವುಗಳಲ್ಲಿ ಸರಸ್ವತಿಯನ್ನೂ ಕಲಬುರಗಿಯ ಸೂಫಿ ಬಂದೇ ನವಾಜರನ್ನೂ ನೆನೆದ. ಮುಂದೆ ಶಿರಾದಲ್ಲಿ ಮೊಗಲರ ಸುಬಾ, ಶ್ರೀರಂಗಪಟ್ಟಣದಲ್ಲಿ ಹೈದರ್ ಮತ್ತು ಟಿಪ್ಪುವಿನ ಆಡಳಿತ. ಲೆಕ್ಕ ಬರೆಯುವವರ ಮೂಲಕ ಈ ಪದಗಳು ಹಳ್ಳಿಯ ಹೊಲದ ಬದುವಿನವರೆಗೆ ಇಳಿದವು. ರಾಜ್ಯಗಳು ಹೋದವು, ಪದಗಳು ಉಳಿದವು. ಇಂದು 'ರೈತ' ಎನ್ನುವಾಗ ಯಾರಿಗೂ ಅದು ಹೊರಗಿನ ಪದ ಅನ್ನಿಸುವುದಿಲ್ಲ.

ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ. ನಮ್ಮ ಮನೆಗಳ ದಖನಿ ಉರ್ದುವಿನ 'ನಕ್ಕೋ' ಮರಾಠಿಯಿಂದ ಬಂದದ್ದು; ಲಖನೌದ ಉರ್ದುವಿನವರಿಗೆ ಅದು ವಿಚಿತ್ರವಾಗಿ ಕೇಳಿಸುತ್ತದೆ. ಅಂದರೆ ನಮ್ಮ ಉರ್ದುವೂ ಈ ನೆಲದ ಮಣ್ಣು ಮೆತ್ತಿಕೊಂಡ ಉರ್ದುವೇ.

4. ಈ ನಾಡಿನ ಸಂಸ್ಕೃತಿಯನ್ನು ಯಾರು ಕಟ್ಟಿದರು?

ಉತ್ತರ ಚಿಕ್ಕದು: ಇಲ್ಲಿ ಬದುಕಿದವರೆಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಶಿಶುನಾಳ ಶರೀಫರು ಗೋವಿಂದ ಭಟ್ಟರನ್ನು ಗುರುವಾಗಿ ಪಡೆದು ಹಾಡಿದ ತತ್ತ್ವಪದಗಳು ಇಂದಿಗೂ ಜನರ ಬಾಯಲ್ಲಿವೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ನಾಡಿನ ಚೆಲುವನ್ನು 'ನಿತ್ಯೋತ್ಸವ'ವಾಗಿ ಹಾಡಿದ ಕೆ.ಎಸ್. ನಿಸಾರ್ ಅಹಮದ್ ಅವರು ಭೂವಿಜ್ಞಾನದ ಅಧ್ಯಾಪಕರಾಗಿದ್ದವರು. ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಇದನ್ನು ನೆನಪಿಡಲಿ: ಕಲ್ಲನ್ನು ಬಲ್ಲವರು ಕವಿತೆಯನ್ನೂ ಬರೆಯಬಲ್ಲರು.

ನಮ್ಮ ಜಿಲ್ಲೆಯನ್ನೇ ನೋಡಿ. ಹೇಮಾವತಿಯ ದಂಡೆಯ ಹಳ್ಳಿಯ ಬದುಕನ್ನು ನಗುನಗುತ್ತ ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರ್, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಕಾದಂಬರಿಕಾರ ಎಸ್.ಎಲ್. ಭೈರಪ್ಪ, ಹಾಸನದ ವಕೀಲೆ, ಕತೆಗಾರ್ತಿ ಬಾನು ಮುಷ್ತಾಕ್. ಬಾನು ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಸಂಕಲನ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಆರು ತಿಂಗಳಲ್ಲಿ ಕನ್ನಡ ಓದುಬರಹ ಕಲಿಯಬೇಕು ಎಂಬ ಷರತ್ತಿನ ಮೇಲೆ ಎಂಟನೆಯ ವಯಸ್ಸಿನಲ್ಲಿ ಕನ್ನಡ ಶಾಲೆ ಸೇರಿದವರು ಅವರು. ಮನೆಯ ಭಾಷೆ ಬೇರೆ, ಹಾಗಾಗಿ ಕನ್ನಡ ಕಷ್ಟ ಎನ್ನುವ ನಮ್ಮ ಹುಡುಗಿಯರಿಗೆ, ಹುಡುಗರಿಗೆ ಇದಕ್ಕಿಂತ ಹೆಚ್ಚಿನ ಮಾತನ್ನು ನಾನು ಹೇಳಬೇಕಿಲ್ಲ.

ರಾಜ್ಯ ಒಂದಾದದ್ದು

ಈ ನಾಲ್ಕು ಪ್ರಶ್ನೆಗಳ ನಂತರ ನವೆಂಬರ್ 1ರ ಅರ್ಥ ಬೇರೆಯಾಗಿ ಕಾಣುತ್ತದೆ. 1956ಕ್ಕೆ ಮೊದಲು ಕನ್ನಡಿಗರು ಹಳೆ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂಬ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಅವರ ಕಾನೂನು, ಅಳತೆ, ಶಾಲೆಯ ಪಠ್ಯ ಬೇರೆಯಿದ್ದವು. ಒಂದಾದ ರಾಜ್ಯಕ್ಕೆ ಮೊದಲು ಮೈಸೂರು ಎಂದೇ ಹೆಸರು. 1973ರಲ್ಲಿ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ಕರ್ನಾಟಕ ಎಂದಾಯಿತು. ಕಾಸರಗೋಡಿನಂಥ ಕನ್ನಡ ಊರುಗಳು ಗಡಿಯಾಚೆ ಉಳಿದವು. ಅಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಕನ್ನಡದಲ್ಲೇ ಬರೆದರು. ಭೂಪಟದ ಗೆರೆ ಒಂದು ಕಡೆ ನಿಲ್ಲುತ್ತದೆ, ಭಾಷೆ ಮುಂದೆ ಹೋಗುತ್ತದೆ.

ಬೇರೆ ರಾಜ್ಯವನ್ನು ಅರಿಯುವಾಗಲೂ ಇದೇ ದಾರಿ. 'ಏಕ್ ಭಾರತ್ ಶ್ರೇಷ್ಠ ಭಾರತ್' ಕಾರ್ಯಕ್ರಮದಲ್ಲಿ ನಮಗೆ ಜೊತೆಯಾದ ರಾಜ್ಯ ಉತ್ತರಾಖಂಡ. ಅದು 2000ನೆಯ ಇಸವಿಯ ನವೆಂಬರ್ 9ರಂದು ಹುಟ್ಟಿತು ಎಂದು ಬಾಯಿಪಾಠ ಮಾಡಿ ನಿಲ್ಲಿಸಬೇಡಿ. ನೀರನ್ನು ಕೇಳಿ: ಗಂಗೆ, ಯಮುನೆ ಅಲ್ಲಿ ಹುಟ್ಟುತ್ತವೆ. ಜನರನ್ನು ಕೇಳಿ: 1973ರಲ್ಲಿ ಅಲ್ಲಿಯ ಹಳ್ಳಿಗರು ಮರಗಳನ್ನು ತಬ್ಬಿ ಉಳಿಸಿದ ಚಿಪ್ಕೋ ಚಳವಳಿ 1983ರಲ್ಲಿ ನಮ್ಮ ಉತ್ತರ ಕನ್ನಡದ ಶಿರಸಿಯ ಕಾಡಿನಲ್ಲಿ 'ಅಪ್ಪಿಕೋ' ಆಯಿತು. ಹಿಮಾಲಯದ ಆಲೋಚನೆಯೊಂದು ಸಹ್ಯಾದ್ರಿಯಲ್ಲಿ ಕನ್ನಡದ ಹೆಸರು ಪಡೆಯಿತು.

ನಿಮಗೆ ಕೆಲಸ

ರಜೆಯಲ್ಲಿ ಇವುಗಳಲ್ಲಿ ಎರಡನ್ನಾದರೂ ಮಾಡಿ, ಒಂದು ಪುಟ ಬರೆದು ತನ್ನಿ. ಒಳ್ಳೆಯವನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸೋಣ.

1. ನಿಮ್ಮ ಊರಿನ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತದೆ? ನಕ್ಷೆ ಬರೆಯಿರಿ.

2. ನಿಮ್ಮ ಊರಿನ ಹೆಸರು ಹೇಗೆ ಬಂತು ಎಂದು ಮೂವರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿ. ಉತ್ತರಗಳು ಬೇರೆಯಾದರೆ ಮೂರನ್ನೂ ಬರೆಯಿರಿ.

3. ಊರಿನಲ್ಲಿ ಶಾಸನ, ವೀರಗಲ್ಲು, ಹಳೆಯ ಮಸೀದಿ, ದರ್ಗಾ, ಬಸದಿ ಅಥವಾ ದೇವಾಲಯವಿದ್ದರೆ ಎಲ್ಲಿದೆ, ಹೇಗಿದೆ ಎಂದು ಗುರುತಿಸಿ. ಶಾಸನದ ಮೇಲೆ ಸುಣ್ಣ, ಎಣ್ಣೆ ಬಳಿಯಬೇಡಿ.

4. ಮನೆಯಲ್ಲಿ ಒಂದು ದಿನ ಆಡುವ ಮಾತಿನಿಂದ ಇಪ್ಪತ್ತು ಪದ ಆರಿಸಿ, ಅವು ಯಾವ ಭಾಷೆಯವು ಎಂದು ನಿಘಂಟಿನಲ್ಲಿ ನೋಡಿ.

ಮುಂದೆ ಯಾರಾದರೂ "ಮೂಲತಃ ಎಲ್ಲಿಯವರು?" ಎಂದು ಕೇಳಿದರೆ ನಿಮ್ಮ ಊರಿನ ಹೆಸರನ್ನೇ ಹೇಳಿ. ಅವರು ಕುಳಿತು ಕೇಳುವವರಾದರೆ ಆ ಊರಿನ ನೀರು, ಕಲ್ಲು, ಮಾತುಗಳ ಕತೆಯನ್ನೂ ಹೇಳಿ. ಅವರ ಊರಿನ ಕತೆಯನ್ನು ಕೇಳಲು ಮರೆಯಬೇಡಿ.