ತಳದ ಸ್ವರ ಹಿಡಿದು ಬಾಖ್ ಕೇಳಿದ್ದು

ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಮಗ್ಗುಲಲ್ಲಿ ಬೆರಿಯಾ ಎಂಬ ಸಣ್ಣ ಊರಿದೆ. ಅಲ್ಲಿನ ಬಾಲ್ಡ್ವಿನ್ ವಾಲೆಸ್ ವಿಶ್ವವಿದ್ಯಾಲಯದ ಸಂಗೀತ ಶಾಲೆ ಪ್ರತಿ ವಸಂತದಲ್ಲೂ ಬಾಖ್ ಉತ್ಸವ ನಡೆಸುತ್ತದೆ. 1932ರಲ್ಲಿ ಆರಂಭವಾದ ಇದು ಅಮೆರಿಕದ ಕಾಲೇಜುಗಳು ನಡೆಸುವ ಬಾಖ್ ಉತ್ಸವಗಳಲ್ಲೇ ಹಳೆಯದು. ಮೈಸೂರಿನಲ್ಲಿ ವೀಣೆ ಕಲಿತು, ಮದುವೆಯಾದ ಮೇಲೆ ಈ ಕಡೆ ಬಂದು ನೆಲೆಸಿದ ನನಗೆ ಯುರೋಪಿನ ಬರೋಕ್ ಸಂಗೀತವನ್ನು ಕೇಳಲು ಕಲಿಸಿದ್ದು ಈ ಉತ್ಸವ. ಪುಸ್ತಕ ಓದಿ, ಧ್ವನಿಮುದ್ರಿಕೆ ಹಾಕಿಕೊಂಡು ಮನೆಯಲ್ಲಿ ಕೂತಿದ್ದರೆ ಈ ಕಲಿಕೆ ಆಗುತ್ತಿರಲಿಲ್ಲ ಎಂದು ಖಂಡಿತವಾಗಿ ಹೇಳಬಲ್ಲೆ.

ಅದಕ್ಕೆ ಮುಖ್ಯ ಕಾರಣ ಉತ್ಸವದ ಕಟ್ಟುಪಾಡು. ಯೇಸುವಿನ ಯಾತನೆ, ಮರಣಗಳ ಕಥೆ ಹಾಡುವ ಮತ್ತಾಯನ ಪ್ಯಾಶನ್, ಯೋಹಾನನ ಪ್ಯಾಶನ್, ಬಿ ಮೈನರ್ ಮಾಸ್, ಕ್ರಿಸ್‌ಮಸ್ ಒರಟೋರಿಯೊ: ಬಾಖ್‌ನ ಈ ನಾಲ್ಕು ಮಹಾಕೃತಿಗಳನ್ನು ವರ್ಷಕ್ಕೊಂದರಂತೆ ಸರದಿಯ ಮೇಲೆ ಹಾಡಿ ನುಡಿಸುವುದು ಇಲ್ಲಿನ ಸಂಪ್ರದಾಯ. ನಾಲ್ಕು ವರ್ಷದ ಪದವಿಗೆ ಸೇರಿದ ಹುಡುಗ ಹುಡುಗಿಯರು ಊರು ಬಿಡುವುದರೊಳಗೆ ನಾಲ್ಕರ ಪರಿಚಯವೂ ಆಗಿರುತ್ತದೆ. ಊರಲ್ಲೇ ಉಳಿಯುವ ನಮ್ಮಂಥ ಕೇಳುಗರಿಗೆ ಸಿಗುವ ಲಾಭ ಇನ್ನೂ ದೊಡ್ಡದು. ಕೃತಿ ಮರಳಿ ಬರುವ ಹೊತ್ತಿಗೆ ಹಾಡುವವರು ಹೊಸಬರಾಗಿರುತ್ತಾರೆ, ನಮ್ಮ ಕಿವಿಯೂ ಬೆಳೆದಿರುತ್ತದೆ. ಒಂದು ಕೀರ್ತನೆಯನ್ನು ಹತ್ತಾರು ವಿದ್ವಾಂಸರ ಬಾಯಲ್ಲಿ ಕೇಳಿಯೇ ಅದರ ರಾಗ ನಮ್ಮೊಳಗೆ ನಿಲ್ಲುವುದು. ಪಾಶ್ಚಾತ್ಯ ಸಂಗೀತಕ್ಕೆ ಬಂದಾಗ ಮಾತ್ರ ‘ಒಮ್ಮೆ ನೋಡಿ ಬರೋಣ’ ಅನ್ನುತ್ತೇವೆ. ಒಮ್ಮೆ ಕೇಳಿದರೆ ಸಾಲದು.

ಈ ಊರಿಗೆ ಬಾಖ್ ಬಂದ ಬಗೆಯನ್ನೂ ಹೇಳಬೇಕು. ಬೆರಿಯಾ ಮರಳುಗಲ್ಲಿನ ಊರು. ಇಲ್ಲಿನ ಗಣಿಗಳ ಕಲ್ಲಿನಿಂದ ಮಾಡಿದ ಸಾಣೆಕಲ್ಲುಗಳು ದೂರದೂರಕ್ಕೆ ಹೋಗುತ್ತಿದ್ದವು. ಆ ವ್ಯಾಪಾರದಲ್ಲಿ ಹಣ ಮಾಡಿದ ಜಾನ್ ಬಾಲ್ಡ್ವಿನ್ 1845ರಲ್ಲಿ ಇಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ಅದರ ಪಕ್ಕದಲ್ಲೇ ಜರ್ಮನ್ ಮಾತಾಡುವ ಮೆಥಡಿಸ್ಟರಿಗಾಗಿ ಜರ್ಮನ್ ವಾಲೆಸ್ ಕಾಲೇಜು ಬೆಳೆಯಿತು. 1913ರಲ್ಲಿ ಎರಡೂ ಒಂದಾದವು. ಜರ್ಮನ್ ಕಾಲೇಜಿನ ಅಧ್ಯಕ್ಷರ ಮಗ ಆಲ್ಬರ್ಟ್ ರೀಮನ್‌ಷ್ನೈಡರ್ ಆರ್ಗನ್ ವಾದಕರು. ಪ್ಯಾರಿಸ್ಸಿಗೆ ಹೋಗಿ ವಿಡೋರ್, ಗಿಲ್ಮಾನ್ ಅವರಂಥ ಗುರುಗಳ ಬಳಿ ಕಲಿತು ಬಂದವರು. ಅವರೂ ಅವರ ಪತ್ನಿ ಸೆಲ್ಮಾ ಅವರೂ ಸೇರಿ ಈ ಉತ್ಸವವನ್ನು ಹುಟ್ಟುಹಾಕಿದರು. ಅವರು ಕೂಡಿಟ್ಟ ಗ್ರಂಥ, ಹಸ್ತಪ್ರತಿಗಳ ಸುತ್ತ 1969ರಲ್ಲಿ ಬಾಖ್ ಅಧ್ಯಯನ ಸಂಸ್ಥೆಯೂ ಆಯಿತು.

ಬೆಂಗಳೂರಿನವರಿಗೆ ಬಾಲ್ಡ್ವಿನ್ ಹೆಸರು ಎಲ್ಲೋ ಕೇಳಿದಂತಿರಬೇಕು. ರಿಚ್‌ಮಂಡ್ ಟೌನಿನ ಬಾಲ್ಡ್ವಿನ್ ಶಾಲೆಗಳು 1880ರಲ್ಲಿ ಶುರುವಾಗಿದ್ದು ಇದೇ ಜಾನ್ ಬಾಲ್ಡ್ವಿನ್ ಕೊಟ್ಟ ದಾನದಿಂದ. ಅಲ್ಲಿ ಓದಿದ ಗೆಳತಿಯೊಬ್ಬಳು ನಮ್ಮ ಮನೆಗೆ ಬಂದಾಗ ಬೆರಿಯಾದ ಬೀದಿಯಲ್ಲಿ ಈ ಹೆಸರು ಕಂಡು ಕಾರು ನಿಲ್ಲಿಸಲು ಹೇಳಿದ್ದಳು.

ಇನ್ನು ಕೇಳುವ ವಿಷಯ. ನಾನು ಕಲಿತದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಇದು: ಬರೋಕ್ ಸಂಗೀತವನ್ನು ಕೆಳಗಿನಿಂದ ಮೇಲಕ್ಕೆ ಕೇಳಬೇಕು. ನಮಗೆ ಹಾಡಿನ ಮೇಲಿನ ಎಳೆಯನ್ನು, ಅಂದರೆ ಧಾತುವನ್ನು, ಹಿಡಿದು ಹೋಗುವ ಅಭ್ಯಾಸ. ಬಾಖ್‌ನಲ್ಲಿ ಹಾಗೆ ಹೊರಟರೆ ನಾಲ್ಕು ದನಿಗಳು ನಾಲ್ಕು ದಾರಿ ಹಿಡಿದು, ಯಾವುದರ ಹಿಂದೆ ಹೋಗಬೇಕೆಂದೇ ತಿಳಿಯುವುದಿಲ್ಲ. ಚೆಲ್ಲೋ, ಡಬಲ್ ಬಾಸ್, ಆರ್ಗನ್ ಸೇರಿ ನುಡಿಸುವ ತಳದ ಎಳೆಯನ್ನು ಹಿಡಿದರೆ ಉಳಿದೆಲ್ಲವೂ ಅದರ ಮೇಲೆ ತಾನಾಗಿ ನಿಲ್ಲುತ್ತದೆ.

ಇದನ್ನು ನನಗೆ ಮನದಟ್ಟು ಮಾಡಿದ್ದು ನನ್ನ ಅಮ್ಮ. ಅವರು ಮೈಸೂರಿನಿಂದ ಬಂದಿದ್ದ ವರ್ಷ ಯೋಹಾನನ ಪ್ಯಾಶನ್ನಿನ ಸರದಿ. ಅದರ ಆರಂಭದಲ್ಲಿ ತಳದ ವಾದ್ಯಗಳು ಒಂದೇ ಸ್ವರವನ್ನು ಬಿಡದೆ ಮಿಡಿಯುತ್ತವೆ. ಮೇಲೆ ಎರಡು ಓಬೋಗಳು ಒಂದಕ್ಕೊಂದು ಉಜ್ಜುವಂತೆ ನಿಂತು, ಸಡಿಲಗೊಂಡು, ಮತ್ತೆ ಉಜ್ಜುತ್ತವೆ. ಅಮ್ಮ ನನ್ನ ಕಡೆ ಬಾಗಿ, “ಶ್ರುತಿ ಇದೆಯಲ್ಲೇ!” ಅಂದರು. ಸ್ವಲ್ಪ ಹೊತ್ತಿಗೆ ತಳದ ಸ್ವರ ಜರುಗಿತು. ಅಮ್ಮ ಮೊಣಕೈ ತಿವಿದು, “ಅಯ್ಯೋ, ಶ್ರುತೀನೇ ಬಿಟ್ಟು ಹೊರಟರಲ್ಲೇ! ಇನ್ನು ಹಾಡೋರು ಯಾರನ್ನ ಹಿಡಿದುಕೋಬೇಕು?” ಅಂದರು. ವಿರಾಮದಲ್ಲಿ ಕಾಫಿ ಹಿಡಿದುಕೊಂಡು ಅದನ್ನೇ ಮಾತಾಡಿದೆವು. ತಂಬೂರಿ ನಮಗೆ ಕದಲದ ನೆಲ. ಇಲ್ಲಿ ನೆಲವೇ ನಡೆಯುತ್ತದೆ. ಹಾಡುವವರು ಅದರ ನಡಿಗೆಯನ್ನು ಬಲ್ಲವರಾದ್ದರಿಂದಲೇ ಬೀಳುವುದಿಲ್ಲ. ಅಮ್ಮನಿಗೆ ಅಷ್ಟು ಸಾಕಾಯಿತು. ದ್ವಿತೀಯಾರ್ಧ ಪೂರ್ತಿ ಅವರ ಕಣ್ಣು ಚೆಲ್ಲೋ ಹುಡುಗಿಯ ಮೇಲೇ ಇತ್ತು.

ಆ ತಳದ ಎಳೆಗೂ ಮನೋಧರ್ಮಕ್ಕೂ ಇರುವ ನಂಟು ನನಗೆ ಗೊತ್ತಾದದ್ದು ಪೂರ್ವಾಭ್ಯಾಸದಲ್ಲಿ. ಹಿಂದಿನ ಸಾಲಿನಲ್ಲಿ ಕೂರಲು ಅನುಮತಿ ಕೇಳಿದ್ದೆ, ಸಂತೋಷದಿಂದ ಕೊಟ್ಟರು. ಆರ್ಗನ್ ನುಡಿಸುವ ವಿದ್ಯಾರ್ಥಿಯ ಮುಂದಿದ್ದ ಹಾಳೆಯಲ್ಲಿ ಒಂದೇ ಸಾಲು ಸ್ವರ. ಕೆಳಗೆ 6, 7, 4 ಹೀಗೆ ಅಂಕಿಗಳು. ಆ ತಳಸ್ವರದಿಂದ ಎಣಿಸಿದರೆ ಎಷ್ಟನೆಯ ಸ್ವರ ಮೇಲೆ ಕೂಡಬೇಕು ಅನ್ನುವುದಷ್ಟೇ ಆ ಅಂಕಿಗಳ ಅರ್ಥ. ಅದನ್ನು ಯಾವ ಸ್ಥಾಯಿಯಲ್ಲಿ ಇಡಬೇಕು, ಎಷ್ಟು ತುಂಬಬೇಕು, ಎಲ್ಲಿ ಬೆರಳು ಎತ್ತಿ ಗಾಯಕನಿಗೆ ಜಾಗ ಬಿಡಬೇಕು ಎಂಬುದೆಲ್ಲ ನುಡಿಸುವವನ ವಿವೇಕ. ಪಾಶ್ಚಾತ್ಯ ಸಂಗೀತದಲ್ಲಿ ಎಲ್ಲವನ್ನೂ ಬರೆದಿಟ್ಟಿರುತ್ತಾರೆ ಅನ್ನುವ ಮಾತನ್ನು ನಮ್ಮವರು ಆಗಾಗ ಆಡುತ್ತಾರೆ. ಬಾಖ್‌ನ ಕಾಲದ ಸಂಗೀತಕ್ಕೆ ಅದು ಒಪ್ಪುವುದಿಲ್ಲ.

ಅಂದು ಅಭ್ಯಾಸ ಮಾಡುತ್ತಿದ್ದದ್ದು ಬಿ ಮೈನರ್ ಮಾಸ್‌ನ ‘ಕ್ರುಸಿಫಿಕ್ಸಸ್’, ಯೇಸು ಶಿಲುಬೆಗೇರಿದ ಭಾಗ. ಸಂಚಾಲಕರು ಎಲ್ಲರನ್ನೂ ನಿಲ್ಲಿಸಿ ತಳದ ವಾದ್ಯಗಳನ್ನು ಮಾತ್ರ ನುಡಿಸಲು ಹೇಳಿದರು. ನಾಲ್ಕೇ ನಾಲ್ಕು ಬಾರ್, ನಮ್ಮ ಲೆಕ್ಕದಲ್ಲಿ ನಾಲ್ಕು ಆವರ್ತ. ನನ್ನ ಬೆರಳುಗಳು ತಾವಾಗಿ ತೊಡೆಯ ಮೇಲೆ ಮೆಟ್ಟಿಲು ಹುಡುಕಿದವು. ಮೇಲಿನ ಷಡ್ಜ, ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಃಶ್ರುತಿ ಧೈವತ, ಶುದ್ಧ ಧೈವತ, ಪಂಚಮ. ಒಂದು ಸ್ವರಸ್ಥಾನವನ್ನೂ ಬಿಡದೆ ಇಳಿಯುವ ದಾರಿ ಅದು. ನಮ್ಮ ಮೇಳಕರ್ತ ವ್ಯವಸ್ಥೆಯಲ್ಲಿ ಒಂದು ಮೇಳಕ್ಕೆ ಒಂದೇ ನಿಷಾದ, ಒಂದೇ ಧೈವತ. ಎರಡು ನಿಷಾದ, ಎರಡು ಧೈವತಗಳನ್ನು ಹೀಗೆ ಸಾಲಾಗಿ ಮುಟ್ಟುತ್ತಾ ಇಳಿಯುವುದನ್ನು ಕೇಳಿದಾಗ ಮೈ ಜುಮ್ಮೆಂದಿತು. ಕಾಲು ಇಡಲು ಸಮತಟ್ಟೇ ಸಿಗದ ಇಳಿಜಾರು ಅದು.

ಆ ನಾಲ್ಕು ಬಾರ್ ಹದಿಮೂರು ಸಲ ಬರುತ್ತದೆ. ಮೇಲೆ ಹಾಡುವ ಗುಂಪು ಒಂದೊಂದು ಸಲವೂ ಬೇರೆ ಬೇರೆ ಸ್ವರ ಹೂಡುತ್ತದೆ, ತಳ ಮಾತ್ರ ಅದೇ ಇಳಿಜಾರನ್ನು ತುಳಿಯುತ್ತಿರುತ್ತದೆ. ಹದಿಮೂರನೆಯ ಸಲ, ಯೇಸುವನ್ನು ಸಮಾಧಿ ಮಾಡಿದರು ಎಂಬಲ್ಲಿ, ಮೇಲಿನ ವಾದ್ಯಗಳೆಲ್ಲ ಸುಮ್ಮನಾಗುತ್ತವೆ, ಹಾಡುವವರು ಮಂದ್ರಕ್ಕೆ ಇಳಿಯುತ್ತಾರೆ, ತಳದ ಎಳೆ ಅಷ್ಟು ಹೊತ್ತು ತುಳಿದ ದಾರಿಯನ್ನು ಬಿಟ್ಟು ಬೇರೆ ಕಡೆ ಹೊರಳುತ್ತದೆ. ಅದು ಬಂದು ನಿಲ್ಲುವುದು ಸಾಧಾರಣ ಗಾಂಧಾರದಲ್ಲಿ, ಆ ಗಾಂಧಾರವೇ ಹೊಸ ಷಡ್ಜ. ಗ್ರಹಭೇದ ಮಾಡಿ ತೋರಿಸಿದಾಗ ನಮ್ಮ ಸಭೆಗಳಲ್ಲಿ ಭಲೇ ಅನ್ನುತ್ತಾರಲ್ಲ, ಅಂಥ ಜಾಗ. ಇಲ್ಲಿ ಯಾರೂ ಸದ್ದು ಮಾಡುವುದಿಲ್ಲ. ಮರುಕ್ಷಣವೇ ಕಹಳೆ, ಭೇರಿಗಳೊಂದಿಗೆ ಪುನರುತ್ಥಾನದ ಭಾಗ ಸಿಡಿಯುತ್ತದೆ. ಮೇಲಿನ ಎಳೆಯನ್ನಷ್ಟೇ ಹಿಡಿದವರಿಗೆ ಆ ಸಿಡಿತ ಮಾತ್ರ ದಕ್ಕುತ್ತದೆ. ಅದಕ್ಕೆ ಬಾಗಿಲು ತೆರೆದುಕೊಟ್ಟ ಹದಿಮೂರನೆಯ ತಿರುವು ತಳವನ್ನು ಹಿಡಿದವರ ಪಾಲು.

ತಳವನ್ನು ಹೀಗೆ ಹಿಡಿಯಲು ಬಂದಮೇಲೆ ಮತ್ತಾಯನ ಪ್ಯಾಶನ್ ಬೇರೆಯೇ ಆಗಿ ಕೇಳಿಸಿತು. ಅದರಲ್ಲಿ ಯೇಸು ಮಾತಾಡಿದಾಗಲೆಲ್ಲ ಪಿಟೀಲಿನ ಬಳಗ ಮೆಲ್ಲಗೆ ಸುತ್ತುವರಿಯುತ್ತದೆ. ಶಿಲುಬೆಯ ಮೇಲಿನ ಕೊನೆಯ ಕೂಗಿನಲ್ಲಿ, ದೇವರೇ ಯಾಕೆ ಕೈಬಿಟ್ಟೆ ಎನ್ನುವಲ್ಲಿ, ಆ ಬಳಗ ಇರುವುದಿಲ್ಲ. ಅದಕ್ಕೂ ಮೊದಲು ಒಂದು ಜಾಗವಿದೆ. ಜನ ಶಿಲುಬೆಗೆ ಹಾಕಿಸು ಎಂದು ಅರಚಿದ್ದಾರೆ, ಇವನು ಮಾಡಿದ ಕೆಡುಕಾದರೂ ಏನು ಎಂದು ಪಿಲಾತ ಕೇಳಿದ್ದಾನೆ. ಆಗ ಸೊಪ್ರಾನೊ ಎದ್ದು ನಿಂತು, ನನ್ನ ರಕ್ಷಕ ಪ್ರೀತಿಗಾಗಿ ಸಾಯುತ್ತಿದ್ದಾನೆ ಎಂದು ಹಾಡುತ್ತಾಳೆ. ಜೊತೆಗೆ ಒಂದು ಕೊಳಲು, ಬಾಗಿದ ಎರಡು ದೊಡ್ಡ ಓಬೋಗಳು. ಚೆಲ್ಲೋ ಇಲ್ಲ, ಡಬಲ್ ಬಾಸ್ ಇಲ್ಲ, ಆರ್ಗನ್ ಇಲ್ಲ. ಎರಡೂವರೆ ಗಂಟೆಗೂ ಮೀರಿದ ಕೃತಿಯ ಉದ್ದಕ್ಕೂ ಎಲ್ಲರನ್ನೂ ಹೊತ್ತ ನೆಲವನ್ನು ಬಾಖ್ ಇಲ್ಲಿ ತೆಗೆದುಬಿಟ್ಟಿದ್ದಾನೆ. ಆ ಹಾಡಿನ ಉದ್ದಕ್ಕೂ ನಾನು ಕುರ್ಚಿಯ ಕೈ ಬಿಡಲಿಲ್ಲ. ಹಾಡು ಮುಗಿಯುತ್ತಿದ್ದಂತೆ ಜನರ ಅರಚಾಟ ಮತ್ತೆ ಬರುತ್ತದೆ, ಈ ಸಲ ಒಂದು ಪೂರ್ತಿ ಸ್ವರ ಮೇಲಿನಿಂದ.

ಸಾಹಿತ್ಯವನ್ನು ಮೊದಲೇ ಓದಿಕೊಂಡು ಹೋಗಬೇಕೆಂಬುದು ನಾನು ಕಲಿತ ಇನ್ನೊಂದು ಪಾಠ. ಜರ್ಮನ್ ಬರದಿದ್ದರೂ ಚಿಂತೆಯಿಲ್ಲ. ಮತ್ತಾಯನ ಪ್ಯಾಶನ್ನಿಗೆ ಕನ್ನಡ ಬೈಬಲ್ಲಿನ ಮತ್ತಾಯನ ಸುವಾರ್ತೆಯ 26, 27ನೆಯ ಅಧ್ಯಾಯ ಸಾಕು. ಯೋಹಾನನದಕ್ಕೆ 18, 19. ನಾನು ಕ್ರೈಸ್ತಳಲ್ಲ. ಆದರೂ ಪೇತ್ರ ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿ, ಕೋಳಿ ಕೂಗಿದ್ದು ಕೇಳಿ ಬಿಕ್ಕಿ ಅಳುವ ಜಾಗವನ್ನು ಕನ್ನಡದಲ್ಲಿ ಓದಿಕೊಂಡು ಹೋದ ವರ್ಷ, ಅದರ ಬೆನ್ನಿಗೇ ಬರುವ ಒಂಟಿ ಪಿಟೀಲಿನ ಹಾಡಿಗೆ ಕಣ್ಣು ತುಂಬಿ ಬಂತು. ಇದು ಭಕ್ತಿ ಸಂಗೀತ. ತ್ಯಾಗರಾಜರನ್ನು ರಾಮನಿಲ್ಲದೆ ಕೇಳುವುದು ಹೇಗೆ ಆಗದೋ ಬಾಖ್‌ನನ್ನು ಆ ಕಥೆಯಿಲ್ಲದೆ ಕೇಳುವುದೂ ಆಗದು.

ತ್ಯಾಗರಾಜರ ಹೆಸರು ಸುಮ್ಮನೆ ಬರಲಿಲ್ಲ. ಇದೇ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ತ್ಯಾಗರಾಜ ಆರಾಧನೆ ನಡೆಯುತ್ತ ಬಂದಿದೆ, ಅದೂ ಈಸ್ಟರಿನ ಆಸುಪಾಸಿನಲ್ಲಿ, ಅದೂ ಬಹಳ ಕಾಲದಿಂದ ಒಂದು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ. ನಮ್ಮಂಥವರಿಗೆ ವಸಂತವೆಂದರೆ ಎರಡು ಉತ್ಸವಗಳ ನಡುವಿನ ಓಡಾಟ. ಅಲ್ಲಿ ಪಂಚರತ್ನ ಕೃತಿಗಳನ್ನು ಅಷ್ಟೂ ಜನ ಒಂದೇ ಎಳೆಯಾಗಿ ಹಾಡುತ್ತಾರೆ. ಇಲ್ಲಿ ಚರ್ಚಿನ ಹಾಡಾದ ನಾಲ್ಕು ಸಾಲಿನ ಸಣ್ಣ ಕೊರಾಲ್‌ನಲ್ಲೂ ನಾಲ್ಕು ದನಿಗೆ ನಾಲ್ಕು ಬಾಳು. ನಾಟ, ಗೌಳ ಕೇಳಿ ತುಂಬಿದ ಕಿವಿಯಲ್ಲಿ ಬಂದರೆ ಬಾಖ್ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತಾನೆ ಎಂಬುದು ನನ್ನ ಅನುಭವ. ಎರಡರಲ್ಲಿ ಯಾವುದು ದೊಡ್ಡದು ಎಂಬ ಚರ್ಚೆ ಮನೆಗಳಲ್ಲಿ ಆಗುತ್ತಿರುತ್ತದೆ. ನಾನು ಅದರಲ್ಲಿ ಸೇರುವುದಿಲ್ಲ.

ಕೊರಾಲ್ ಅಂದೆನಲ್ಲ, ಮತ್ತಾಯನ ಪ್ಯಾಶನ್ನಿನಲ್ಲಿ ಒಂದೇ ಕೊರಾಲ್ ಮಟ್ಟು ಐದು ಸಲ ಬರುತ್ತದೆ. ಹಾಸ್ಲರ್ ಎಂಬಾತ 1601ರಲ್ಲಿ ಪ್ರೇಮಗೀತೆಗೆ ಹಾಕಿದ ಮಟ್ಟು ಅದು, ಆಮೇಲೆ ಚರ್ಚಿನ ಹಾಡಾಯಿತು. ನಮ್ಮಲ್ಲಿ ಒಂದೇ ದೇವರನಾಮವನ್ನು ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಇನ್ನೊಂದರಲ್ಲಿ ಹಾಡುತ್ತಾರೆ. ಬಾಖ್ ಮಟ್ಟನ್ನು ಹಾಗೇ ಇಟ್ಟು, ಅಡಿಯ ಸ್ವರಗಳನ್ನು ಕಥೆಗೆ ತಕ್ಕಂತೆ ಬದಲಿಸುತ್ತಾನೆ. ಯೇಸು ಪ್ರಾಣ ಬಿಟ್ಟ ಮೇಲೆ ಬರುವ ಕೊನೆಯ ಸಲ ಆ ಸ್ವರಗಳು ಎಷ್ಟು ಕಳವಳದಿಂದ ಸರಿದಾಡುತ್ತವೆ ಎಂಬುದನ್ನು ಕೇಳಿಯೇ ತಿಳಿಯಬೇಕು.

ಇಂಥ ಕೊರಾಲ್‌ಗಳಲ್ಲಿ 371ನ್ನು ರೀಮನ್‌ಷ್ನೈಡರ್ ಸಂಪಾದಿಸಿ 1941ರಲ್ಲಿ ಪ್ರಕಟಿಸಿದರು. ಅಮೆರಿಕದ ಸಂಗೀತ ವಿದ್ಯಾರ್ಥಿಗಳು ಪಾಠಕ್ಕೆ ತೆರೆಯುವ ಪುಸ್ತಕ ಅದು. ನಮ್ಮ ಮನೆಯಲ್ಲೂ ಒಂದಿದೆ. ಮಗಳು ಶಾಲೆಯ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುತ್ತಾಳೆ. ಭಾನುವಾರ ಸಂಜೆ ಅವಳು ಒಂದು ಕೊರಾಲ್‌ನ ಮೇಲಿನ ಎಳೆ ಹಿಡಿದರೆ ನಾನು ತಳದ ಎಳೆಯನ್ನು ವೀಣೆಯ ಮಂದ್ರ, ಅನುಮಂದ್ರ ತಂತಿಗಳಲ್ಲಿ ಗಮಕವಿಲ್ಲದೆ ಮೀಟುತ್ತೇನೆ. ಕೈಗೆ ಗಮಕ ಬೇಡವೆಂದು ಹೇಳುವುದು ಸುಲಭವಲ್ಲ. ಆದರೆ ಉತ್ಸವದಲ್ಲಿ ತಳ ಕೇಳಲು ಇದಕ್ಕಿಂತ ಒಳ್ಳೆಯ ತಯಾರಿಯನ್ನು ನಾನು ಕಾಣೆ.

ಈ ಕಡೆಯ ಕನ್ನಡದವರು ಕೇಳಿದಾಗ ನಾನು ಹೇಳುವುದಿಷ್ಟು. ಮಕ್ಕಳು ಚೆಲ್ಲೋ, ವಿಯೋಲಾ ಕಲಿಯುತ್ತಿದ್ದರೆ ತಪ್ಪದೆ ಕರೆದುಕೊಂಡು ಹೋಗಿ. ವೇದಿಕೆಯ ಮೇಲೆ ಅವರಿಗಿಂತ ನಾಲ್ಕೈದು ವರ್ಷ ದೊಡ್ಡವರು ನುಡಿಸುವುದನ್ನು ನೋಡಿದರೆ ಆಗುವ ಪ್ರಯೋಜನ ಮನೆಯಲ್ಲಿ ಎಷ್ಟು ಒತ್ತಾಯ ಮಾಡಿದರೂ ಆಗದು. ಕಚೇರಿಗೆ ಮುಂಚೆ ವಿಶ್ವವಿದ್ಯಾಲಯದ ಮಾರ್ಟಿಂಗ್ ಹಾಲ್‌ನ ಗೋಪುರದಿಂದ ವಿದ್ಯಾರ್ಥಿಗಳು ಹಿತ್ತಾಳೆ ವಾದ್ಯಗಳಲ್ಲಿ ಕೊರಾಲ್ ಊದುವ ಸಂಪ್ರದಾಯವಿದೆ, ಅದಕ್ಕಾಗಿ ಬೇಗ ಹೊರಡಿ. ಇಲ್ಲಿನ ವಸಂತವನ್ನು ನಂಬಬೇಡಿ, ದಪ್ಪ ಸ್ವೆಟರ್ ಇರಲಿ. ಒಳಗೆ ಜಾಗ ಹಿಡಿಯುವಾಗ ಗಾಯಕರ ಮುಖ ಚೆನ್ನಾಗಿ ಕಾಣುವ ನಡುವಿನ ಕುರ್ಚಿಗೆ ಓಡಬೇಡಿ, ಚೆಲ್ಲೋ ಮತ್ತು ಆರ್ಗನ್ ಇರುವ ಬದಿಗೆ ಹೋಗಿ ಕೂಡಿ.