ಮೂವತ್ತು ದಿನದಲ್ಲಿ ಹತ್ತು ಕಿಲೋ?

ಹತ್ತನೇ ತರಗತಿಯ ಒಬ್ಬ ಹುಡುಗಿಯ ಊಟದ ಡಬ್ಬಿ ಎರಡು ವಾರ ತುಂಬಿದಂತೆಯೇ ಮನೆಗೆ ಮರಳಿತ್ತು. ತಾಯಿ ಬಂದು ಹೇಳಿದಾಗಲೇ ನಮಗೆ ತಿಳಿದದ್ದು. "ಅನ್ನ ಮುಟ್ಟುವುದಿಲ್ಲ, ಇಡ್ಲಿ ಮುಟ್ಟುವುದಿಲ್ಲ ಟೀಚರ್. ಕೇಳಿದರೆ ಪುಸ್ತಕದಲ್ಲಿ ಹಾಗೇ ಬರೆದಿದೆ ಅನ್ನುತ್ತಾಳೆ." ರಜೆಯಲ್ಲಿ ಊರಿಗೆ ಹೋದಾಗ ಕೊಂಡ ಪುಸ್ತಕವದು. ಮೂವತ್ತು ದಿನದಲ್ಲಿ ಹತ್ತು ಕಿಲೋ ಖಚಿತವಾಗಿ ಇಳಿಯುತ್ತದೆ ಎಂದು ಮುಖಪುಟದಲ್ಲೇ ಇತ್ತು. ಅವಳ ಹೆಸರೆತ್ತದೆ ಆ ಪುಸ್ತಕವನ್ನೇ ಒಂದು ದಿನ ಕನ್ನಡ ಪಾಠವಾಗಿ ಓದಿದೆವು.

ಮೊದಲು ಲೆಕ್ಕ. (ಭಾಷಾ ಶಿಕ್ಷಕರಿಗೂ ಇಷ್ಟು ಗಣಿತ ಬರುತ್ತದೆ!) ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ಹತ್ತು ಕಿಲೋ ಕರಗಬೇಕಾದರೆ ದಿನಕ್ಕೆ 2,500ಕ್ಕೂ ಹೆಚ್ಚು ಕ್ಯಾಲೊರಿ ಕಡಿತವಾಗಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ, ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಬೇಕಾದದ್ದೇ 2,110, ಹೆಂಗಸಿಗೆ 1,660. "ಹಾಗಾದರೆ ತಿಂಗಳಿಡೀ ಉಪವಾಸ ಕೂತರೂ ಆಗಲ್ಲ!" ಎಂದ ಹಿಂದಿನ ಬೆಂಚಿನ ಒಬ್ಬ.

ಆದರೂ ಮೊದಲ ವಾರ ತೂಕ ಇಳಿಯುವುದು ಸುಳ್ಳಲ್ಲ. ಅನ್ನ, ಚಪಾತಿ ಬಿಟ್ಟಾಗ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಖರ್ಚಾಗುತ್ತದೆ, ಅದು ಹಿಡಿದಿಟ್ಟ ನೀರೂ ಹೋಗುತ್ತದೆ. ತಕ್ಕಡಿ ತೋರಿಸುವ ಇಳಿಕೆಯಲ್ಲಿ ಬಹುಪಾಲು ಈ ನೀರೇ. ಮತ್ತೆ ಉಂಡರೆ ಅದೂ ಮರಳುತ್ತದೆ. ಪುಸ್ತಕ ಗೆದ್ದಂತೆ, ಓದಿದವರು ಸೋತಂತೆ ಕಾಣುವುದು ಇದರಿಂದಲೇ.

ಇಂಥ ಪುಸ್ತಕಗಳು ಹೊಸತೇನಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ 1863ರಲ್ಲೇ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೂಕ ಇಳಿಸಿದ ಬಗೆಯನ್ನು ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿದ್ದ. ಅವನು ಸುಮಾರು 20 ಕಿಲೋ ಇಳಿಸಲು ಒಂದು ವರ್ಷ ತೆಗೆದುಕೊಂಡಿದ್ದ. ನಮ್ಮಲ್ಲಿ ಈಚೆಗೆ ಸಿರಿಧಾನ್ಯದ ಪುಸ್ತಕಗಳ ಕಾಲ. ನವಣೆ, ಸಾಮೆ, ಊದಲು, ಹಾರಕ, ಕೊರಲೆ ಮತ್ತೆ ಅಡುಗೆಮನೆಗೆ ಬಂದದ್ದು ಸಂತೋಷವೇ, ಪಾಲಿಶ್ ಮಾಡಿದ ಅಕ್ಕಿಗಿಂತ ಅವುಗಳಲ್ಲಿ ನಾರು ಹೆಚ್ಚು. ರಾಗಿಯಂತೂ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಕೊಡುತ್ತದೆ. ಆದರೆ ಸಕ್ಕರೆ ಕಾಯಿಲೆಯವರು ಅದನ್ನೇ ನಂಬಿ ಮಾತ್ರೆ ಬಿಟ್ಟರೆ ಅಪಾಯ. ಒಳ್ಳೆಯ ಆಹಾರ ಎನ್ನುವುದು ಬೇರೆ, ಔಷಧಿ ಎನ್ನುವುದು ಬೇರೆ.

ಹುಡುಗಿಯ ವಿಷಯಕ್ಕೆ ಬರೋಣ. ಪುಸ್ತಕದ ದಿನಪಟ್ಟಿ ಕೂಡಿಸಿ ನೋಡಿದರೆ ಸಾವಿರ ಕ್ಯಾಲೊರಿ ದಾಟಲಿಲ್ಲ. ಬೆಳೆಯುವ 13–15ರ ಹುಡುಗಿಗೆ ಅದೇ ಸಂಸ್ಥೆ ಹೇಳುವುದು 2,400. ಅಂದರೆ ತಾಯಿಗಿಂತ ಮಗಳಿಗೇ ಹೆಚ್ಚು ಊಟ ಬೇಕು! ಪೋಷಕರಲ್ಲಿ ಎಷ್ಟು ಜನರಿಗೆ ಇದು ಗೊತ್ತೋ, ನಮಗಂತೂ ಅಂದೇ ಗೊತ್ತಾದದ್ದು. ವ್ಯಾಯಾಮದ ಅಧ್ಯಾಯವೂ ದೊಡ್ಡವರಿಗೆ ಬರೆದದ್ದೇ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಆಟ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲಾ ಬಸ್ಸು, ಫ್ಲ್ಯಾಟು, ಏಸಿಯ ನಡುವೆ ಘಾಲಾದ ಮಕ್ಕಳಿಗೆ ನಿಜವಾಗಿ ಕೊರತೆ ಬಿದ್ದಿರುವುದು ಅದು. ಬೇಸಿಗೆಯಲ್ಲಿ ಹೊರಗೆ ಕಾಲಿಡಲಾಗದು, ಸರಿ. ನವೆಂಬರಿನಿಂದ ಮಾರ್ಚಿಯವರೆಗೆ ಏನು ಅಡ್ಡಿ?

ಕೊನೆಗೆ ವ್ಯಾಕರಣ. ಮುಖಪುಟದ ಮಾತುಗಳಲ್ಲಿ ಎಲ್ಲಿಯೂ 'ಬಹುಶಃ' ಇರಲಿಲ್ಲ. 'ಖಚಿತ', 'ಮಾಯ', 'ಇಷ್ಟೇ ಸಾಕು', ಇವೇ. ಆದರೆ ಒಳಪುಟದ ತುದಿಯಲ್ಲಿ, ಕಣ್ಣಿಗೆ ಹಿಡಿದು ಓದಬೇಕಾದ ಸಣ್ಣ ಅಕ್ಷರದಲ್ಲಿ, ವೈದ್ಯರನ್ನು ಕೇಳದೆ ಇದನ್ನು ಪಾಲಿಸಬಾರದು, ಪರಿಣಾಮಕ್ಕೆ ಲೇಖಕರಾಗಲಿ ಪ್ರಕಾಶಕರಾಗಲಿ ಹೊಣೆಯಲ್ಲ ಎಂದಿತ್ತು. ಅದನ್ನು ಗಟ್ಟಿಯಾಗಿ ಓದಿದವಳು ಆ ಹುಡುಗಿಯೇ. ಮರುದಿನ ಅವಳ ಡಬ್ಬಿಯಲ್ಲಿ ಚಿತ್ರಾನ್ನವಿತ್ತು. ಅರ್ಧವನ್ನು ಗೆಳತಿಯರು ತಿಂದರಂತೆ.